ವಿಕಿಪೀಡಿಯಾದಲ್ಲಿ ಹುಡುಕದೆ ಓದುವುದು ಹೇಗೆ?

ವಿಕಿಪೀಡಿಯಾದಲ್ಲಿ ಏನಾದರೂ ಹುಡುಕಬೇಕಾದರೆ ಅದರ ಹೆಸರಾದರೂ ಗೊತ್ತಿರಬೇಕು, ಅಲ್ವಾ? ಹೆಸರೇ ಕೇಳಿರದ ಸಂಗತಿಗಳನ್ನು ಓದಲು ಅಲ್ಲೊಂದು ಕೊಂಡಿ ಇದೆ: ‘ಯಾದೃಚ್ಛಿಕ ಪುಟ’, ಅಂದರೆ ಯಾವುದೋ ಒಂದು ಪುಟ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಾದಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ನಾವು ಹುಡುಕಿಕೊಂಡು ಹೋಗಿ ಓದುವುದು ಬೆರಳೆಣಿಕೆಯಷ್ಟು.

ಮೊಬೈಲ್ ಬ್ರೌಸರ್‌ನಲ್ಲಿ ಕನ್ನಡ ವಿಕಿಪೀಡಿಯಾ ತೆರೆದು, ಮೇಲೆ ಎಡಗಡೆಯ ಮೂರು ಗೆರೆ ಒತ್ತಿ. ದಾಳದ ಚಿತ್ರ ಇರುವ ಸಾಲನ್ನು ಮುಟ್ಟಿದರೆ ಆಯಿತು, ಯಾವುದೋ ಒಂದು ಲೇಖನ ಬರುತ್ತದೆ. ಕಂಪ್ಯೂಟರ್‌ನಲ್ಲೂ ಕೊಂಡಿ ಎಡಗಡೆಯ ಮೆನುವಿನಲ್ಲೇ ಇದೆ. ವಿಂಡೋಸ್ ಬಳಸುವವರು ಆಲ್ಟ್, ಶಿಫ್ಟ್, ಎಕ್ಸ್ ಮೂರನ್ನೂ ಒಟ್ಟಿಗೆ ಒತ್ತಿದರೂ ಸಾಕು.

ಈ ಆಯ್ಕೆ ನಡೆಯುವ ರೀತಿ ಚೆನ್ನಾಗಿದೆ. ಪ್ರತಿ ಪುಟಕ್ಕೂ ಅದು ಹುಟ್ಟಿದಾಗಲೇ ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಸಂಖ್ಯೆ ಸಿಕ್ಕಿರುತ್ತದೆ. ನೀವು ಒತ್ತಿದಾಗ ತಂತ್ರಾಂಶ ಹೊಸದೊಂದು ಸಂಖ್ಯೆ ಎತ್ತಿಕೊಂಡು, ಅದರ ಮುಂದಿನ ಸಂಖ್ಯೆಯ ಲೇಖನವನ್ನು ತೆರೆಯುತ್ತದೆ. ಮೂರೇ ಲೇಖನಗಳಿವೆ, ಅವುಗಳ ಸಂಖ್ಯೆ 0.30, 0.31, 0.39 ಎಂದುಕೊಳ್ಳಿ. 0.33 ಬಂದರೂ 0.38 ಬಂದರೂ ತೆರೆಯುವುದು ಮೂರನೆಯದೇ. ತನ್ನ ಸಂಖ್ಯೆಯ ಹಿಂದೆ ಜಾಸ್ತಿ ಜಾಗ ಖಾಲಿ ಇರುವ ಲೇಖನಕ್ಕೆ ಅವಕಾಶವೂ ಜಾಸ್ತಿ. ಎಷ್ಟು ಜನ ಓದಿದ್ದಾರೆ, ಯಾರ ಬಗ್ಗೆ ಬರೆದದ್ದು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಹಳೆಯ ಆಸಕ್ತಿ ನೋಡಿಕೊಂಡು ಅದನ್ನೇ ಮತ್ತೆ ಮತ್ತೆ ಬಡಿಸುವ ಆ್ಯಪ್‌ಗಳ ನಡುವೆ ಇದು ನನಗೆ ತುಂಬಾ ಇಷ್ಟ.

ಒಂದೇ ವಿಷಯದೊಳಗೆ ಸುತ್ತಾಡಬೇಕೇ? ‘ವಿಶೇಷ ಪುಟಗಳು’ ಪಟ್ಟಿಯಲ್ಲಿ ಒಂದು ವರ್ಗದಿಂದ (ಒಂದೇ ವಿಷಯದ ಲೇಖನಗಳ ಗುಂಪಿನಿಂದ) ಮಾತ್ರ ಪುಟ ಆರಿಸುವ ಸೌಲಭ್ಯವೂ ಇದೆ. ವರ್ಗದ ಹೆಸರು ಲೇಖನದ ಕೊನೆಯಲ್ಲಿರುತ್ತದೆ. ಉಪವರ್ಗಗಳ ಒಳಗೆ ಅದು ಇಳಿಯುವುದಿಲ್ಲ.

ಪುಟ ಬಂದ ಮೇಲೆ ಸುಮ್ನೆ ಮುಂದಿನದಕ್ಕೆ ಹಾರಬೇಡಿ. ಮುತ್ತುಗದ ಮರ ಸಿಕ್ಕಿತು ಎಂದುಕೊಳ್ಳಿ. ಅದರ ಎಲೆಯಲ್ಲಿ ಊಟ ಮಾಡಿರುತ್ತೀರಿ. ಅರಗಿನ ಹುಳು ಈ ಮರದ ಮೇಲೂ ಬೆಳೆಯುತ್ತದೆ ಎಂದು ತಿಳಿದರೆ ಮುಂದೆ ಅರಗಿನ ಬಗ್ಗೆ ಹುಡುಕಿ. ಅಲ್ಲಿಂದ ಚನ್ನಪಟ್ಟಣದ ಬೊಂಬೆಗೆ ದಾರಿ ಇದೆ. ಅವುಗಳ ಹೊಳೆಯುವ ಬಣ್ಣ ಕೂರುವುದು ಅರಗಿನಿಂದಲೇ. ಲೇಖನದೊಳಗೆ ಕೊಂಡಿ ಕಡಿಮೆ ಇದ್ದರೆ ‘ಇಲ್ಲಿಗೆ ಯಾವ ಸಂಪರ್ಕ ಕೂಡುತ್ತದೆ’ ಒತ್ತಿ. ಈ ಪುಟಕ್ಕೆ ಕೊಂಡಿ ಕೊಟ್ಟಿರುವ ಬೇರೆ ಲೇಖನಗಳೆಲ್ಲ ಕಾಣುತ್ತವೆ.

ಎರಡೇ ಸಾಲಿನ ಪುಟಗಳೂ, ಅನುವಾದ ತೊಡರುವ ಪುಟಗಳೂ ಬರುತ್ತವೆ. ಬೇಸರ ಮಾಡಿಕೊಳ್ಳದೆ ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಸಾಲನ್ನು ಆಧಾರದ ಸಮೇತ ಸೇರಿಸಿ. ‘ಇತಿಹಾಸ’ದಲ್ಲಿ ಹಳೆಯ ಆವೃತ್ತಿಗಳೆಲ್ಲ ಉಳಿದಿರುತ್ತವೆ. ತಪ್ಪಾದರೆ ಯಾರು ಬೇಕಾದರೂ ಹಿಂದಿನದಕ್ಕೆ ಮರಳಿಸಬಹುದು.