ಆಂಟಿಬಾಡಿ ಹಾಕಿ ಎಕ್ಸೋಸೋಮ್ ಹಿಡಿಯುವುದು: ನಾನು ಮಾಡುವ ರೀತಿ

ಎಕ್ಸೋಸೋಮ್ ಅಂದರೆ ಜೀವಕೋಶಗಳು ಹೊರಗೆ ಬಿಡುವ, ಪೊರೆ ಸುತ್ತಿದ, ಹೆಚ್ಚುಕಮ್ಮಿ 30ರಿಂದ 150 ನ್ಯಾನೋಮೀಟರ್ ಗಾತ್ರದ ಕಣ. ಇಂಥ ಪೊರೆಚೀಲಗಳಿಗೆಲ್ಲ ವೆಸಿಕಲ್ ಅನ್ನುತ್ತಾರೆ. ಲ್ಯಾಬಿನ ಮಾಮೂಲಿ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ. ಕಣಗಳನ್ನು ಸಾಲಾಗಿ ಲೇಸರ್ ಮುಂದೆ ಹಾಯಿಸಿ ಬೆಳಕು ಅಳೆಯುವ ಸಾಧಾರಣ ಫ್ಲೋ ಸೈಟೋಮೀಟರ್‌ಗೂ ಒಂದೊಂದಾಗಿ ಸಿಗುವುದಿಲ್ಲ. ಅಷ್ಟು ಚಿಕ್ಕ ಕಣ ಚದುರಿಸುವ ಬೆಳಕು ಯಂತ್ರದ ಹಿನ್ನೆಲೆ ಗದ್ದಲದಲ್ಲೇ ಮುಳುಗಿಹೋಗುತ್ತದೆ. ಅದಕ್ಕೇ ನಾನು ಮ್ಯಾಗ್ನೆಟಿಕ್ ಬೀಡ್ಸ್ (ಅಯಸ್ಕಾಂತಕ್ಕೆ ಅಂಟುವ ಸಣ್ಣ ಮಣಿಗಳು) ಬಳಸುತ್ತೇನೆ. ಕೆಲವು ಮೈಕ್ರಾನ್ ದಪ್ಪದ ಬೀಡ್‌ಗೆ ಆಂಟಿಬಾಡಿ (ಒಂದು ನಿರ್ದಿಷ್ಟ ಗುರಿಯನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಕೂರಿಸಿ, ಅದಕ್ಕೆ ಎಕ್ಸೋಸೋಮ್ ಅಂಟಿಸಿದರೆ ಸೈಟೋಮೀಟರ್ ಬೀಡನ್ನು ಆರಾಮಾಗಿ ನೋಡುತ್ತದೆ. ಆಮೇಲೆ ಹಾಕುವ ಬಣ್ಣದ ಆಂಟಿಬಾಡಿಯಿಂದ ಬೀಡ್ ಮೇಲೆ ಬರುವ ಹೊಳಪನ್ನು ನಾವು ಓದುತ್ತೇವೆ.

ಬರೀ ಅಲ್ಟ್ರಾಸೆಂಟ್ರಿಫ್ಯೂಜ್ (ಅತಿ ವೇಗವಾಗಿ ತಿರುಗಿಸುವ ಯಂತ್ರ) ಸಾಲದೇ ಅಂತ ಹೊಸಬರು ಕೇಳುತ್ತಾರೆ. 1,00,000 ಜಿಯಲ್ಲಿ (ಭೂಮಿಯ ಗುರುತ್ವದ ಅಷ್ಟು ಪಟ್ಟು ಬಲದಲ್ಲಿ) ತಿರುಗಿಸಿದರೆ ತಳಕ್ಕೆ ಕೂರುವುದು ಎಕ್ಸೋಸೋಮ್ ಒಂದೇ ಅಲ್ಲ. ಪ್ರೋಟೀನ್ ಉಂಡೆಗಳು ಬರುತ್ತವೆ, ಪ್ಲಾಸ್ಮಾ (ರಕ್ತದ ದ್ರವ ಭಾಗ) ಆದರೆ ಕೊಬ್ಬು ಹೊರುವ ಲಿಪೊಪ್ರೋಟೀನ್‌ಗಳೂ ಜೊತೆಗೆ ಬರುತ್ತವೆ. ಕಣ ಎಣಿಸುವ ಯಂತ್ರಕ್ಕೆ ಇವೆಲ್ಲ ಒಂದೇ. ಮೈಮೇಲೆ ಏನಿದೆ ಅಂತ ನೋಡಿ ಆರಿಸಬೇಕು ಅಂದರೆ ಆಂಟಿಬಾಡಿಯೇ ಬೇಕು.

ಮೊದಲ ತಯಾರಿ ಬೇಗ ಹೇಳಿ ಮುಗಿಸುತ್ತೇನೆ. ಜೀವಕೋಶ ಬೆಳೆಸುವ ದ್ರವಕ್ಕೆ, ಅಂದರೆ ಕಲ್ಚರ್ ಮೀಡಿಯಂಗೆ, ಹಾಕುವ ಕರುವಿನ ಸೀರಂನಲ್ಲೇ ದನದ ವೆಸಿಕಲ್‌ಗಳು ತುಂಬಿರುತ್ತವೆ. ಹಾಗಾಗಿ ಸೀರಂ ಅನ್ನು ರಾತ್ರಿಯಿಡೀ 1,00,000 ಜಿಯಲ್ಲಿ ತಿರುಗಿಸಿ, ಮೇಲಿನದನ್ನಷ್ಟೇ ಬಳಸುತ್ತೇನೆ. ಸೀರಂ ಇಲ್ಲದ ಮೀಡಿಯಂನಲ್ಲಿ ಜೀವಕೋಶ ಚೆನ್ನಾಗಿದ್ದರೆ ಅದು ಇನ್ನೂ ಒಳ್ಳೆಯದು. ಸಂಗ್ರಹಿಸಿದ ಮೀಡಿಯಂ ಅನ್ನು 300 ಜಿ, ಆಮೇಲೆ 2,000 ಜಿ, ಆಮೇಲೆ 10,000 ಜಿ ಹೀಗೆ ಹಂತಹಂತವಾಗಿ ತಿರುಗಿಸಿ ಜೀವಕೋಶ, ಕಸ, ದೊಡ್ಡ ವೆಸಿಕಲ್ ತೆಗೆಯುತ್ತೇನೆ. ಉಳಿದದ್ದನ್ನು ಫಿಲ್ಟರ್ ಟ್ಯೂಬಿನಲ್ಲಿ ಗಟ್ಟಿ ಮಾಡಿಕೊಂಡರೆ ಬೀಡ್ಸ್‌ಗೆ ಸಿದ್ಧ. ಮೀಡಿಯಂ ಸಂಗ್ರಹಿಸುವ ದಿನ ಎಷ್ಟು ಜೀವಕೋಶ ಬದುಕಿವೆ ಅಂತ ತಪ್ಪದೆ ನೋಡಿ. ಸತ್ತವು ಜಾಸ್ತಿ ಇದ್ದರೆ ಅವುಗಳ ಚೂರುಗಳೇ ಎಲ್ಲ ಕಡೆ ಸೇರಿಕೊಳ್ಳುತ್ತವೆ. ಅಂಥ ಬ್ಯಾಚನ್ನು ನಾನು ಬಳಸುವುದೇ ಇಲ್ಲ.

ಈಗ ಆಂಟಿಬಾಡಿ ಆಯ್ಕೆ. ಎಲ್ಲರೂ ಹೆಸರಿಸುವುದು ಪೊರೆಯಲ್ಲಿರುವ ಪ್ರೋಟೀನ್‌ಗಳಾದ ಮೂರು ಟೆಟ್ರಾಸ್ಪಾನಿನ್‌ಗಳನ್ನು: ಸಿಡಿ9, ಸಿಡಿ63, ಸಿಡಿ81. ಆದರೆ ಎಲ್ಲ ಜೀವಕೋಶದಲ್ಲೂ ಈ ಮೂರು ಒಂದೇ ಸಮ ಇರುವುದಿಲ್ಲ. ಜರ್ಕಾಟ್ ಜೀವಕೋಶದಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಒಂದು ಬಗೆಯ ಟಿ ಜೀವಕೋಶ) ಸಿಡಿ9 ತೀರಾ ಕಡಿಮೆ. ಸಿಡಿ9 ಬೀಡ್ಸ್ ಹಾಕಿ ಏನೂ ಸಿಗಲಿಲ್ಲ ಅಂದ ಮಾತ್ರಕ್ಕೆ ಅಲ್ಲಿ ವೆಸಿಕಲ್ ಇಲ್ಲ ಅಂತ ಅರ್ಥವಲ್ಲ. ಪ್ಲಾಸ್ಮಾದಲ್ಲಿ ಇದರ ತಿರುಗುಮುರುಗು. ಪ್ಲೇಟ್‌ಲೆಟ್‌ಗಳ ಮೈತುಂಬ ಸಿಡಿ9, ಅವು ಬಿಡುವ ವೆಸಿಕಲ್‌ಗಳ ಮೇಲೂ ಅಷ್ಟೇ. ಅಲ್ಲಿ ಸಿಡಿ9 ಬೀಡ್ಸ್ ಜೋರಾಗಿ ಹೊಳೆದರೆ ನಾನು ಮೊದಲು ಅನುಮಾನ ಪಡುವುದು ಪ್ಲೇಟ್‌ಲೆಟ್ ಮೇಲೆ. ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಟ್ಯೂಬಿನಲ್ಲಿ ತೆಗೆದು, ಹೆಚ್ಚು ಹೊತ್ತು ಇಡದೆ, 2,500 ಜಿಯಲ್ಲಿ ಎರಡು ಸಲ ತಿರುಗಿಸಿ ಪ್ಲೇಟ್‌ಲೆಟ್ ತೆಗೆದ ಮೇಲೆಯೇ ಫ್ರೀಜರ್‌ಗೆ ಇಡುತ್ತೇನೆ. ಪ್ಲೇಟ್‌ಲೆಟ್ ಒಳಗೇ ಇದ್ದು ಪ್ಲಾಸ್ಮಾ ಫ್ರೀಜ್ ಆದರೆ ಅವು ಒಡೆದು ಎಲ್ಲ ಕಲಸಿಹೋಗುತ್ತದೆ. ಆಮೇಲೆ ಯಾವ ಆಂಟಿಬಾಡಿಯೂ ಅದನ್ನು ಬಿಡಿಸಿಕೊಡುವುದಿಲ್ಲ.

ಹಾಗಾಗಿ ಬೀಡ್ಸ್ ಕೊಳ್ಳುವ ಮೊದಲು ಆ ಜೀವಕೋಶದ ಮೇಲೆಯೇ ಈ ಮೂರೂ ಮಾರ್ಕರ್ (ಗುರುತಿನ ಪ್ರೋಟೀನ್) ಎಷ್ಟಿವೆ ಅಂತ ಬಣ್ಣದ ಆಂಟಿಬಾಡಿಯಿಂದ ಸ್ಟೇನ್ ಮಾಡಿ ನೋಡುತ್ತೇನೆ. ಒಂದು ದಿನದ ಕೆಲಸ, ಅಷ್ಟೇ. ಸಿಡಿ63 ಹೆಚ್ಚಾಗಿ ಜೀವಕೋಶದ ಒಳಗೇ ಇರುತ್ತದೆ. ಅದಕ್ಕೆ ಮಾತ್ರ ಜೀವಕೋಶದ ಪೊರೆಗೆ ತೂತು ಮಾಡಿ ನೋಡಬೇಕು.

ಹಿಡಿಯುವ ಹಂತ ಹೀಗೆ. ಬಯೋಟಿನ್ ಹಚ್ಚಿದ ಆಂಟಿಬಾಡಿಯನ್ನು, ಬಯೋಟಿನ್ನನ್ನು ಗಟ್ಟಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಬೀಡ್ಸ್‌ಗೆ ಕೂರಿಸಿ, ಉಳಿದ ಆಂಟಿಬಾಡಿ ತೊಳೆದು, ಸ್ಯಾಂಪಲ್ ಸೇರಿಸಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ರೊಟೇಟರ್ ಮೇಲೆ ತಿರುಗಲು ಬಿಡುತ್ತೇನೆ. ಟ್ಯೂಬ್ ಸುಮ್ನೆ ನಿಂತರೆ ಬೀಡ್ಸ್ ತಳಕ್ಕಿಳಿಯುತ್ತವೆ, ಮೇಲಿರುವ ಎಕ್ಸೋಸೋಮ್ ಅವುಗಳ ಬಳಿ ಸುಳಿಯುವುದೇ ಇಲ್ಲ. ಬಫರ್ ಪಿಬಿಎಸ್ (ಫಾಸ್ಫೇಟ್ ಬೆರೆಸಿದ ಉಪ್ಪುನೀರು), ಅದರಲ್ಲಿ ಶೇಕಡಾ 0.1 ದನದ ಸೀರಂ ಪ್ರೋಟೀನ್ ಆದ ಬಿಎಸ್‌ಎ. ಬಿಎಸ್‌ಎ ಸೇರಿಸಿದ ಮೇಲೆ ಫಿಲ್ಟರ್ ಮಾಡಬೇಕು, ಇಲ್ಲದಿದ್ದರೆ ಅದರ ಗಂಟುಗಳೇ ಕಣಗಳಾಗಿ ಕಾಣುತ್ತವೆ. ಬಣ್ಣದ ಆಂಟಿಬಾಡಿಯನ್ನೂ ಬಳಸುವ ಮುಂಚೆ ಜೋರಾಗಿ ಒಂದು ಸುತ್ತು ಸ್ಪಿನ್ ಮಾಡಿ ಮೇಲಿನದನ್ನಷ್ಟೇ ತೆಗೆದುಕೊಳ್ಳುತ್ತೇನೆ. ಅದರಲ್ಲೂ ಗಂಟುಗಳಿರುತ್ತವೆ.

ಹಿಡಿಯುವ ಮಾರ್ಕರ್ ಬೇರೆ, ನೋಡುವ ಮಾರ್ಕರ್ ಬೇರೆ. ಇದು ನನ್ನ ಗಟ್ಟಿ ನಿಯಮ. ಸಿಡಿ63ರಿಂದ ಹಿಡಿದರೆ ಸಿಡಿ81ರಿಂದ ನೋಡುತ್ತೇನೆ. ಎರಡೂ ಒಂದೇ ಪೊರೆಯ ಮೇಲೆ ಇದ್ದರೆ ಮಾತ್ರ ಬೀಡ್ ಹೊಳೆಯಬೇಕು. ಅದನ್ನು ಪರೀಕ್ಷಿಸಲು ಒಂದು ಟ್ಯೂಬಿಗೆ ಮೊದಲೇ ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಹಾಕಿ ಪೊರೆ ಕರಗಿಸುತ್ತೇನೆ. ಆಗ ಸಿಡಿ63 ಬೀಡ್‌ಗೆ ಅಂಟಿದರೂ ಸಿಡಿ81 ಅದರ ಜೊತೆ ಬರಬಾರದು, ಹೊಳಪು ಬೀಳಬೇಕು. ಬೀಳದಿದ್ದರೆ ನೀವು ನೋಡುತ್ತಿರುವುದು ವೆಸಿಕಲ್ ಅಲ್ಲ, ಬೇರೆ ಏನೋ ಅಂಟು. ಜೊತೆಗೆ ಐಸೊಟೈಪ್ ಆಂಟಿಬಾಡಿ (ಅದೇ ಬಗೆಯದು, ಆದರೆ ಇಲ್ಲಿ ಏನನ್ನೂ ಗುರುತಿಸದ್ದು) ಕೂರಿಸಿದ ಬೀಡ್ಸ್ ಒಂದು ಟ್ಯೂಬು, ಸ್ಯಾಂಪಲ್ ಬದಲು ಬರೀ ಮೀಡಿಯಂ ಹಾಕಿದ್ದು ಒಂದು ಟ್ಯೂಬು. ಬೀಡ್ಸ್ ದುಬಾರಿ ಅಂತ ಇವುಗಳನ್ನು ಬಿಡುವವರಿದ್ದಾರೆ. ಇವಿಲ್ಲದ ಹಿಸ್ಟೋಗ್ರಾಂ ಎಷ್ಟೇ ಚೆಂದ ಇದ್ದರೂ ನಾನು ನಂಬುವುದಿಲ್ಲ.

ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಟೆಟ್ರಾಸ್ಪಾನಿನ್‌ಗಳ ಹೊರಗಿನ ದೊಡ್ಡ ಕುಣಿಕೆಯನ್ನು ಡೈಸಲ್ಫೈಡ್ ಬಂಧಗಳು ಹಿಡಿದಿಟ್ಟಿರುತ್ತವೆ. ಹೆಚ್ಚಿನ ಆಂಟಿಬಾಡಿಗಳು ಗುರುತಿಸುವುದು ಆ ಆಕಾರವನ್ನೇ. ಲೋಡಿಂಗ್ ಬಫರ್‌ನಲ್ಲಿ ಡಿಟಿಟಿ ಅಥವಾ ಮರ್ಕ್ಯಾಪ್ಟೋಎಥನಾಲ್ ಇದ್ದರೆ ಬಂಧ ಒಡೆದು, ಬ್ಯಾಂಡ್ ಮಾಯ. ಈ ಮೂರಕ್ಕೂ ನಾನು ಅವಿಲ್ಲದ ಬಫರನ್ನೇ ಹಾಕುತ್ತೇನೆ. ಸಿಡಿ63 ಅಚ್ಚುಕಟ್ಟಾದ ಗೆರೆಯಾಗಿ ಬರುವುದಿಲ್ಲ. ಸಕ್ಕರೆ ಸರಪಳಿಗಳು ಜಾಸ್ತಿ ಇರುವುದರಿಂದ ಪ್ರೋಟೀನ್ ತೂಕದ ಅಳತೆಯಲ್ಲಿ 30ರಿಂದ 60 ಕಿಲೋಡಾಲ್ಟನ್‌ವರೆಗೆ ಮಸುಕಾಗಿ ಹರಡುತ್ತದೆ. ಅದೇ ಸರಿ, ಗಾಬರಿ ಬೇಡ. ಬಂಧ ಒಡೆಯದ ಬಫರಿನಿಂದ ಇನ್ನೊಂದು ಅನುಕೂಲವೂ ಇದೆ. ಬೀಡ್ಸ್‌ನಿಂದ ಕಳಚಿ ಬರುವ ಆಂಟಿಬಾಡಿ ಇಡಿಯಾಗಿ 150 ಕಿಲೋಡಾಲ್ಟನ್ ಆಸುಪಾಸಿನಲ್ಲೇ ಉಳಿಯುತ್ತದೆ, ಸಿಡಿ9ರ ಜಾಗಕ್ಕೆ ಬಂದು ತೊಂದರೆ ಕೊಡುವುದಿಲ್ಲ. ಒಳಗಿನ ಪ್ರೋಟೀನ್ ಟಿಎಸ್‌ಜಿ101 ನೋಡಲು ಬಂಧ ಒಡೆಯುವ ಬಫರ್ ಹಾಕಿದರೆ ಮಾತ್ರ ಕಷ್ಟ. 50ರ ಹತ್ತಿರ ಬರುವ ಆಂಟಿಬಾಡಿಯ ಭಾರದ ಸರಪಳಿ ಅದನ್ನು ಮುಚ್ಚಿಬಿಡುತ್ತದೆ. ಆಗ ನಾನು ಸಿಗ್ನಲ್ ಕೊಡುವ ಕಿಣ್ವ ಎಚ್‌ಆರ್‌ಪಿಯನ್ನು ನೇರವಾಗಿ ಜೋಡಿಸಿದ ಆಂಟಿಬಾಡಿ ಬಳಸಿ ಆ ಸರಪಳಿಯನ್ನೂ ಗುರುತಿಸುವ ಸೆಕೆಂಡರಿ ಆಂಟಿಬಾಡಿಯನ್ನೇ ತಪ್ಪಿಸುತ್ತೇನೆ. ಜೀವಕೋಶದೊಳಗಿನ ಪೊರೆಜಾಲದ ಪ್ರೋಟೀನ್ ಕ್ಯಾಲ್ನೆಕ್ಸಿನ್ ಕೂಡ ನೋಡಬೇಕು. ಅದು ಒಡೆದ ಜೀವಕೋಶದ ದ್ರವದಲ್ಲಿ, ಅಂದರೆ ಲೈಸೇಟ್‌ನಲ್ಲಿ ಬರಬೇಕು, ಎಕ್ಸೋಸೋಮ್‌ನಲ್ಲಿ ಬರಬಾರದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಟ್ಯೂಬು ಎಂದರೆ ಬೀಡ್ಸ್ ಎಳೆದುಕೊಂಡ ಮೇಲೆ ಉಳಿಯುವ ದ್ರವ. ಅದನ್ನು ಸಿಂಕಿಗೆ ಸುರಿಯಬೇಡಿ. ಮ್ಯಾಗ್ನೆಟ್ ಮೇಲೆ ಟ್ಯೂಬ್ ಇಟ್ಟಾಗ ಕಂದು ಬಣ್ಣದ ಬೀಡ್ಸ್ ಒಂದು ಪಕ್ಕಕ್ಕೆ ಸರಿದು ದ್ರವ ತಿಳಿಯಾಗುತ್ತದಲ್ವಾ, ಆ ತಿಳಿಯನ್ನು ತೆಗೆದು ಅದನ್ನೂ ಬ್ಲಾಟ್‌ಗೆ ಹಾಕುತ್ತೇನೆ. ಅದರಲ್ಲಿ ಸಿಡಿ63 ಇನ್ನೂ ಬರುತ್ತಿದ್ದರೆ ಬೀಡ್ಸ್ ಸಾಲಲಿಲ್ಲ ಎಂದರ್ಥ. ಸಿಡಿ63 ಹೋಗಿ ಸಿಡಿ81 ಉಳಿದಿದ್ದರೆ, ಸಿಡಿ63 ಇಲ್ಲದ ಇನ್ನೊಂದು ಗುಂಪೇ ಅಲ್ಲಿದೆ. ಆ ದ್ರವವನ್ನು ಸಿಡಿ81 ಬೀಡ್ಸ್‌ಗೆ ಹಾಕಿದರೆ ಆ ಗುಂಪು ಸಿಗುತ್ತದೆ. ಎರಡರ ಒಳಗಿನ ಆರ್‌ಎನ್‌ಎ ಬೇರೆಬೇರೆ ಓದಬೇಕು, ಕಲಸಬಾರದು. ಹಾಗೇ, ಸಿಡಿ63ಕ್ಕೆ ಅಂಟಿದ್ದೆಲ್ಲ ಜೀವಕೋಶದೊಳಗಿನ ಚೀಲವಾದ ಎಂಡೋಸೋಮ್‌ನಿಂದಲೇ ಹುಟ್ಟಿದೆ ಅಂತ ಆಂಟಿಬಾಡಿ ಹೇಳಲಾರದು. ಮೇಲೇನಿದೆ ಅಂತ ಮಾತ್ರ ಅದು ಹೇಳುತ್ತದೆ. ವರದಿಯಲ್ಲಿ ನಾನು ಬರೆಯುವುದೂ ಅಷ್ಟೇ: ಸಿಡಿ63 ಇರುವ ಸಣ್ಣ ವೆಸಿಕಲ್.

ಬೀಡ್‌ನಿಂದ ಬಿಡಿಸುವುದು ಕೆಲಸದ ಮೇಲೆ ನಿಂತಿದೆ. ಆರ್‌ಎನ್‌ಎ ಅಥವಾ ಪ್ರೋಟೀನ್ ಬೇಕಿದ್ದರೆ ಬೀಡ್ ಮೇಲೆಯೇ ಒಡೆದು (ಲೈಸ್ ಮಾಡಿ) ಮುಗಿಸಿ. ಇಡೀ ಕಣವೇ ಬೇಕಿದ್ದರೆ 0.1 ಮೋಲಾರ್ ಗ್ಲೈಸಿನ್, ಪಿಎಚ್ 2.8, ಸ್ವಲ್ಪ ಹೊತ್ತು ಮಾತ್ರ, ತಕ್ಷಣ ಟ್ರಿಸ್ ಹಾಕಿ ಆಮ್ಲ ತಗ್ಗಿಸಬೇಕು. ಹೀಗೆ ಬಿಡಿಸಿದ ಎಕ್ಸೋಸೋಮ್‌ಗಳನ್ನು ಜೀವಕೋಶದ ಮೇಲೆ ಹಾಕಿ ಪರಿಣಾಮ ನೋಡುವ ಪ್ರಯೋಗಕ್ಕೆ ನಾನು ಕೊಡುವುದಿಲ್ಲ. ಆಮ್ಲ ತಾಗಿದ ಪೊರೆ ಮೊದಲಿನಂತೆಯೇ ಇದೆ ಅಂತ ಹೇಳಲು ಬರುವುದಿಲ್ಲ, ಕಳಚಿ ಬಂದ ಆಂಟಿಬಾಡಿಯೂ ಜೊತೆಗಿರುತ್ತದೆ. ಅಂಥ ಕೆಲಸಕ್ಕೆ ಗಾತ್ರದ ಪ್ರಕಾರ ಬೇರ್ಪಡಿಸುವ ಸೈಜ್ ಎಕ್ಸ್‌ಕ್ಲೂಷನ್ ಕಾಲಂನಿಂದ ಬಂದ ಭಾಗವನ್ನು ಕೊಟ್ಟು, ಅದರಲ್ಲೇ ಒಂದು ಚೂರನ್ನು ಬೀಡ್ಸ್‌ಗೆ ಹಾಕಿ ಮಾರ್ಕರ್ ನೋಡಿಕೊಳ್ಳುತ್ತೇನೆ.