ನಾಲ್ಕು ಕ್ಯಾಲಿಬರ್‌ಗೆ ಯಾವ ಪ್ರೆಸ್? ನನ್ನ ರೀಲೋಡಿಂಗ್ ಅನುಭವ

ಕೊನೆ ಕೊಯ್ಲಿನ ಸಮಯ. ಅಂಗಳದಲ್ಲಿ ಅಡಕೆ ಸುಲಿಯುವ ಮೆಷಿನ್ ಓಡುತ್ತಿತ್ತು. ಆಗ ಟೆಕ್ಸಾಸ್‌ನಿಂದ ಅಕ್ಕನ ಮಗನ ಫೋನ್ ಬಂತು. "ಮಾವ, ನನ್ನ ಹತ್ರ ಈಗ ನಾಲ್ಕು ಕ್ಯಾಲಿಬರ್ ಆಯ್ತು. ರೀಲೋಡಿಂಗ್ ಶುರು ಮಾಡ್ಬೇಕು ಅಂತಿದೀನಿ. ಯಾವ ಪ್ರೆಸ್ ತಗೊಳ್ಳಲಿ?" ಅಂದ. ರೀಲೋಡಿಂಗ್ ಅಂದರೆ ಹೊಡೆದ ತೋಟಾದ ಖಾಲಿ ಕೇಸನ್ನು ಮತ್ತೆ ತುಂಬುವುದು, ಪ್ರೆಸ್ ಅಂದರೆ ಅದಕ್ಕೆ ಬೇಕಾದ ಯಂತ್ರ, ಕ್ಯಾಲಿಬರ್ ಅಂದರೆ ತೋಟಾದ ಅಳತೆ. ಮೆಷಿನ್ ಸದ್ದಿನಲ್ಲಿ ಹೇಳುವ ವಿಷಯ ಅಲ್ಲ ಇದು. "ರಾತ್ರಿ ಮಾಡ್ತೀನಿ ಮಾರಾಯ" ಅಂದೆ. ಆ ರಾತ್ರಿ, ಮಾರನೇ ರಾತ್ರಿ, ಎರಡು ದಿನ ಮಾತಾಡಿದೆವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ತೋಟಾ ತುಂಬಿದ್ದೆಲ್ಲ ಅಮೆರಿಕದ ಓರೆಗನ್‌ನಲ್ಲಿದ್ದಾಗ, ಅದೂ ಗ್ರೀನ್ ಕಾರ್ಡ್ ಬಂದ ಮೇಲೆ. ಅಲ್ಲಿ ಸ್ವಂತ ಬಳಕೆಗೆ ಮನೆಯಲ್ಲೇ ತೋಟಾ ತುಂಬಿಕೊಳ್ಳುವುದು ಸಾಮಾನ್ಯ ಹವ್ಯಾಸ. ಇಲ್ಲಿ ಹಾಗಲ್ಲ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಮದ್ದುಗುಂಡು ತಯಾರಿಸಲು ಪ್ರತ್ಯೇಕ ಲೈಸೆನ್ಸ್ ಬೇಕು, ಅದಿಲ್ಲದೆ ಮಾಡಿದರೆ ಅಪರಾಧ. ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಮನೆಯಲ್ಲಿದೆ ಅಂತ ಯಾರೂ ಇದನ್ನು ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಮಾಡಲು ಹೋಗಬಾರದು. ಊರಿಗೆ ವಾಪಸ್ ಬರುವಾಗ ನಾನು ಎಲ್ಲ ಸಾಮಾನನ್ನೂ ಅಲ್ಲೇ ಸ್ನೇಹಿತನಿಗೆ ಕೊಟ್ಟು ಬಂದೆ.

ಆದರೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ. ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ಗದ್ದೆಗೆ ಹಂದಿ ಬರುವ ಕಾಲದಲ್ಲಿ ಜಗಲಿ ಮೇಲೆ ಕೂತು ಈಡು ತುಂಬುತ್ತಿದ್ದರು. ಮಸಿ, ಅಂದರೆ ಕೋವಿಯ ಮದ್ದು, ಅಳೆಯಲು ಸಣ್ಣ ಬಿದಿರಿನ ಗೆಣ್ಣಿನ ಅಳತೆ. ಮಸಿ ಸುರಿದು, ತೆಂಗಿನ ನಾರು ಇಟ್ಟು, ಗಜ, ಅಂದರೆ ಉದ್ದ ಕಡ್ಡಿ, ಹಾಕಿ ಜಡಿಯುತ್ತಿದ್ದರು. ಆಮೇಲೆ ನಳಿಗೆಯ ಹೊರಗೆ ಗಜ ಎಷ್ಟು ಉಳಿದಿದೆ ಅಂತ ಬೆರಳಿಟ್ಟು ನೋಡುತ್ತಿದ್ದರು. ಪ್ರತಿ ಸಲ ನೋಡುತ್ತಿದ್ದರು. ಯಾರಾದರೂ ಮಧ್ಯೆ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಆ ಬೆರಳಿನ ಅಳತೆ ಯಾಕೆ ಅಂತ ನನಗೆ ಅರ್ಥವಾಗಲು ಮೂವತ್ತು ವರ್ಷ ಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಕೆಲಸ ಏನು ಅಂತ ಚಿಕ್ಕದಾಗಿ ಹೇಳುತ್ತೇನೆ. ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೇಸ್ ಮತ್ತೆ ಬಳಸಲು ಬರುತ್ತದೆ. ಗುಂಡು ಹಾರುವಾಗ ಕೇಸ್ ಹಿಗ್ಗಿರುತ್ತದೆ. ಅದನ್ನು ಡೈ, ಅಂದರೆ ಅಚ್ಚು, ಅದರ ಒಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಅದೇ ಒತ್ತಿನಲ್ಲಿ ಹಳೇ ಪ್ರೈಮರ್ ಹೊರಬೀಳುತ್ತದೆ. ಪ್ರೈಮರ್ ಅಂದರೆ ನಮ್ಮ ಕೇಪು ಇದ್ದ ಹಾಗೆ. ಹೊಸ ಪ್ರೈಮರ್ ಕೂರಿಸಬೇಕು, ಪಿಸ್ತೂಲಿನ ಕೇಸ್ ಆದರೆ ಬಾಯಿ ಸ್ವಲ್ಪ ಅಗಲ ಮಾಡಬೇಕು, ಮದ್ದು ತೂಗಿ ಹಾಕಬೇಕು, ಗುಂಡು ಕೂರಿಸಬೇಕು, ಬಾಯಿ ಬಿಗಿ ಮಾಡಬೇಕು. ಕೇಸನ್ನು ಡೈ ಒಳಗೆ ಒತ್ತುವ ಯಂತ್ರವೇ ಪ್ರೆಸ್.

ನಾನು ಶುರು ಮಾಡಿದ್ದು ಒಂದೇ ರೈಫಲ್‌ನಿಂದ, ಅದರ ತೋಟಾ 308 ವಿಂಚೆಸ್ಟರ್. ತಗೊಂಡ ಪ್ರೆಸ್ ಆರ್‌ಸಿಬಿಎಸ್ ಕಂಪನಿಯ ರಾಕ್ ಚಕ್ಕರ್. ಸಿಂಗಲ್ ಸ್ಟೇಜ್, ಅಂದರೆ ಒಂದು ಸಲಕ್ಕೆ ಒಂದೇ ಡೈ. ಎರಕದ ಕಬ್ಬಿಣ. ಚೌಕಟ್ಟು ಎಲ್ಲ ಕಡೆ ಮುಚ್ಚಿರುತ್ತದೆ, ಒಂದು ಪಕ್ಕ ತೆರೆದ ಪ್ರೆಸ್‌ನ ಹಾಗೆ ಒತ್ತಡಕ್ಕೆ ಬಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕಿತ್ತು. ಹಳೇ ಕಬ್ಬಿಣದ ಪ್ರೆಸ್ ತಗೊಳ್ಳಲು ಹೆದರಬೇಡಿ. ರ‍್ಯಾಮ್ (ಕೇಸನ್ನು ಮೇಲೆ ಒಯ್ಯುವ ದಂಡ) ಮೇಲೆತ್ತಿ ಆಚೀಚೆ ಅಲುಗಾಡಿಸಿ ನೋಡಿ, ಡೈ ಕೂರುವ ಥ್ರೆಡ್ ನೋಡಿ. ಎರಡೂ ಸರಿ ಇದ್ದರೆ ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ.

ಆ ಪ್ರೆಸ್ ಕಲಿಸಿದ್ದು ಕೈಯ ಅಂದಾಜು. 308 ಕೇಸ್‌ಗೆ ಕತ್ತು ಇದೆ, ಬಾಟಲಿ ಹಾಗೆ. ಒತ್ತುವ ಮೊದಲು ಕೇಸ್‌ನ ಮೈಗೆ ತೆಳ್ಳಗೆ ಲೂಬ್, ಅಂದರೆ ಜಾರಿಸುವ ಜಿಡ್ಡು, ಸವರಲೇಬೇಕು. ಜಾಸ್ತಿ ಆದರೆ ಕತ್ತಿನ ಕೆಳಗೆ, ಕೇಸ್‌ನ ಭುಜದಲ್ಲಿ, ಗುಳಿ ಬೀಳುತ್ತದೆ. ಕಡಿಮೆ ಆದರೆ ಡೈನಲ್ಲಿ ಕಚ್ಚಿಕೊಳ್ಳುತ್ತದೆ. ಒಂದು ಸಂಜೆ ನನಗೂ ಆಯಿತು. ಹಿಡಿಕೆ ಅರ್ಧ ಇಳಿದಿತ್ತು, ಕೈಗೆ ಬೇರೆಯೇ ಥರದ ಬಿಗಿ ಬಂತು. ಅಲ್ಲೇ ನಿಲ್ಲಿಸಬೇಕಿತ್ತು. ನಾನು ಇನ್ನೂ ಒತ್ತಿದೆ. ವಾಪಸ್ ಎತ್ತಿದಾಗ ಕೇಸ್‌ನ ಅಂಚು ಹರಿದು, ಅದನ್ನು ಕೆಳಗೆ ಹಿಡಿಯುವ ಹೋಲ್ಡರ್‌ನಲ್ಲಿ ಉಳಿಯಿತು, ಕೇಸ್ ಡೈ ಒಳಗೇ ಉಳಿಯಿತು. ತಳಕ್ಕೆ ರಂಧ್ರ ಕೊರೆದು, ಥ್ರೆಡ್ ಹಾಕಿ, ಬೋಲ್ಟ್ ಬಿಗಿದು ಎಳೆದು ತೆಗೆದೆ. ಆಮೇಲೆ ಆ ಬಿಗಿಯನ್ನು ಕೈ ಮರೆಯಲಿಲ್ಲ. ಸಿಂಗಲ್ ಸ್ಟೇಜ್‌ನಲ್ಲಿ ಒಂದು ಒತ್ತಿಗೆ ಒಂದೇ ಕೆಲಸ. ಹಾಗಾಗಿ ಕೈಗೆ ಬರುವ ಸುದ್ದಿಯೂ ಒಂದೇ, ಸ್ಪಷ್ಟವಾಗಿರುತ್ತದೆ.

ಆಮೇಲೆ ರೈಫಲ್‌ನದೇ ಇನ್ನೊಂದು ತೋಟಾ 223 ರೆಮಿಂಗ್ಟನ್ ಬಂತು, ಪಿಸ್ತೂಲಿನ 9 ಎಂಎಂ ಬಂತು, 45 ಎಸಿಪಿ ಬಂತು. ಇಲ್ಲಿ ಒಂದು ಸಮಾಧಾನದ ವಿಷಯ ಇದೆ. ಬಹುಪಾಲು ಡೈಗಳ ಥ್ರೆಡ್ ಒಂದೇ ಅಳತೆ, 7/8 ಇಂಚು, ಇಂಚಿಗೆ 14 ಸುತ್ತು. ಒಂದು ಕಂಪನಿಯ ಡೈ ಇನ್ನೊಂದು ಕಂಪನಿಯ ಪ್ರೆಸ್‌ಗೆ ಕೂರುತ್ತದೆ. ಡೈಗೆ ಹಾಕಿದ ದುಡ್ಡು ಪ್ರೆಸ್ ಬದಲಾಯಿಸಿದರೂ ಹಾಳಾಗುವುದಿಲ್ಲ. ಕೇಸನ್ನು ಹಿಡಿಯುವ ಶೆಲ್ ಹೋಲ್ಡರ್ ಕೂಡ ಹಾಗೆಯೇ. 308ಕ್ಕೂ 45ಕ್ಕೂ ಒಂದೇ ಹೋಲ್ಡರ್ ಸಾಕು ಅಂತ ಗೊತ್ತಾದಾಗ ನನಗೆ ಖುಷಿಯಾಗಿತ್ತು. ಉದ್ದದ ರೈಫಲ್ ತೋಟಾಕ್ಕೂ ಗಿಡ್ಡ ಪಿಸ್ತೂಲ್ ತೋಟಾಕ್ಕೂ ತಳ ಹೆಚ್ಚು ಕಡಿಮೆ ಒಂದೇ!

ಕಷ್ಟ ಶುರುವಾದದ್ದು ಲೆಕ್ಕದಲ್ಲಿ. ತಿಂಗಳಿಗೆ 308 ನಲವತ್ತು ಹೊಡೆದರೆ ಹೆಚ್ಚು. 9 ಎಂಎಂ ಮುನ್ನೂರು ಬೇಕು. ನಾಲ್ಕು ಡೈ ಇರುವ ಸೆಟ್‌ನಲ್ಲಿ ನೂರು ತೋಟಾಕ್ಕೆ ನಾನೂರು ಸಲ ಹಿಡಿಕೆ ಇಳಿಸಬೇಕು. ಅದಕ್ಕಿಂತ ಜಾಸ್ತಿ ಬೇಜಾರು ಅಂದರೆ, ಪ್ರತಿ ಕೇಸನ್ನೂ ನಾಲ್ಕು ಸಲ ಕೈಯಲ್ಲಿ ಎತ್ತಿ ಇಡಬೇಕು. ಶನಿವಾರ ಪೂರ್ತಿ ಗ್ಯಾರೇಜ್‌ನಲ್ಲೇ ಕಳೆಯುತ್ತಿತ್ತು.

ಆಗ ನಾನು ಐದು ಸ್ಟೇಷನ್‌ನ ಪ್ರೋಗ್ರೆಸ್ಸಿವ್ ಪ್ರೆಸ್ ತಂದೆ. ಇದರಲ್ಲಿ ಒಂದು ತಟ್ಟೆಯ ಮೇಲೆ ಐದು ಕೇಸ್ ಸುತ್ತುತ್ತವೆ. ಹಿಡಿಕೆ ಒಂದು ಸಲ ಇಳಿದರೆ ಐದೂ ಕಡೆ ಕೆಲಸ ಆಗುತ್ತದೆ, ಒಂದು ತೋಟಾ ಹೊರಬೀಳುತ್ತದೆ. 9 ಎಂಎಂ ಒಂದಕ್ಕೇ ಹೊಂದಿಸಿ ಇಟ್ಟಾಗ ಗಂಟೆಗೆ ನಾನೂರು ಸಲೀಸಾಗಿ ಬರುತ್ತಿತ್ತು. ಆದರೆ ನನಗೆ ಬೇಕಿದ್ದದ್ದು ನಾಲ್ಕು ಕ್ಯಾಲಿಬರ್. 9ರಿಂದ 45ಕ್ಕೆ ಹೋಗಬೇಕಾದರೆ ತಟ್ಟೆ ಬದಲಾಯಿಸಬೇಕು, ಡೈ ಬದಲಾಯಿಸಬೇಕು, ಮದ್ದಿನ ಅಳತೆ ಮತ್ತೆ ಹೊಂದಿಸಬೇಕು, ಪ್ರೈಮರ್ ಭಾಗವನ್ನು ಸಣ್ಣದರಿಂದ ದೊಡ್ಡದಕ್ಕೆ ಬಿಚ್ಚಿ ಜೋಡಿಸಬೇಕು. ನನ್ನ ಕೈಗೆ ಮುಕ್ಕಾಲು ಗಂಟೆ. ನೂರು ತೋಟಾ ಹದಿನೈದು ನಿಮಿಷದಲ್ಲಿ ಮುಗಿಯುತ್ತಿತ್ತು. ಹದಿನೈದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ತಯಾರಿ ಅಂದರೆ ಏನು ಉಪಯೋಗ?

ಇನ್ನೊಂದು ವಿಷಯ ನಮ್ಮ ಅಡಕೆ ಸುಲಿಯುವ ಮೆಷಿನ್ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಕಾಯಿ ಒಂದೇ ಗಾತ್ರ ಇದ್ದರೆ ಚೆಂದ ಓಡುತ್ತದೆ. ಸಣ್ಣ ದೊಡ್ಡ ಬೆರೆತರೆ ತಕರಾರು. ಕೈಯಲ್ಲಿ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರಿಗೆ ಆ ಕಷ್ಟ ಇಲ್ಲ, ಪ್ರತಿ ಕಾಯಿಯೂ ಕೈಗೆ ಬರುತ್ತದೆ. ಶೂಟಿಂಗ್ ರೇಂಜ್‌ನಲ್ಲಿ ಆರಿಸಿ ತಂದ ಕೇಸ್ ಕೂಡ ಬೆರಕೆ. ಮಿಲಿಟರಿ ತಯಾರಿಕೆಯ ಕೇಸ್‌ನಲ್ಲಿ ಪ್ರೈಮರ್ ಸುತ್ತ ಅಂಚು ಒತ್ತಿರುತ್ತಾರೆ, ಅದನ್ನು ಕೆರೆದು ತೆಗೆಯದೆ ಹೊಸ ಪ್ರೈಮರ್ ಹೋಗುವುದಿಲ್ಲ. 45 ಎಸಿಪಿಯಲ್ಲಿ ಸಾಮಾನ್ಯವಾಗಿ ದೊಡ್ಡ ಪ್ರೈಮರ್, ಆದರೆ ಕೆಲವು ಕಂಪನಿಯ ಕೇಸ್‌ಗೆ ಸಣ್ಣದು. ರಾಶಿಯಲ್ಲಿ ಅಂಥದ್ದೊಂದು ಇದ್ದರೆ ಪ್ರೋಗ್ರೆಸ್ಸಿವ್ ಅಲ್ಲೇ ನಿಲ್ಲುತ್ತದೆ.

ನನಗೆ ಹಾಗೇ ಆಯಿತು. 45 ತುಂಬುತ್ತಿದ್ದೆ. ಸಣ್ಣ ಪ್ರೈಮರಿನ ಕೇಸ್ ಒಂದು ನುಸುಳಿ ಹಿಡಿಕೆ ನಿಂತಿತು. ಆ ಕೇಸ್ ತೆಗೆದೆ, ತಟ್ಟೆಯನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿದೆ, ಮತ್ತೆ ಶುರು ಮಾಡಿದೆ. ಆ ಗಡಿಬಿಡಿಯಲ್ಲಿ ಒಂದು ಕೇಸ್ ಮದ್ದು ಬೀಳದೆ ಮುಂದೆ ಹೋಗಿದೆ. ಗೊತ್ತಾದದ್ದು ಭಾನುವಾರ ರೇಂಜ್‌ನಲ್ಲಿ. ಢಂ ಅನ್ನಬೇಕಾದ ಜಾಗದಲ್ಲಿ ಪಟ್ ಅಂತ ಸಣ್ಣ ಸದ್ದು. ಪಕ್ಕದಲ್ಲಿದ್ದ ಹಿರಿಯರು ಜೋರಾಗಿ ನಿಲ್ಲಿಸು ಅಂತ ಕೂಗಿದರು. ಖಾಲಿ ಮಾಡಿ, ನಳಿಗೆಯೊಳಗೆ ಕಡ್ಡಿ ಬಿಟ್ಟು ನೋಡಿದೆವು. ಕಡ್ಡಿ ಅರ್ಧಕ್ಕೆ ನಿಂತಿತು. ಪ್ರೈಮರ್ ಒಂದೇ ಗುಂಡನ್ನು ಅಷ್ಟು ದೂರ ತಳ್ಳಿ ಬಿಟ್ಟಿತ್ತು. ಹಿಂದೆಯೇ ಇನ್ನೊಂದು ಹೊಡೆದಿದ್ದರೆ ನಳಿಗೆ ಉಬ್ಬುತ್ತಿತ್ತು, ಸಿಡಿಯಲೂಬಹುದಿತ್ತು.

ಕಡ್ಡಿ ಎಷ್ಟು ಹೊರಗೆ ಉಳಿದಿದೆ ಅಂತ ಬೆರಳಿಟ್ಟು ನೋಡುತ್ತಿದ್ದಾಗ ಅಜ್ಜ ಕಣ್ಣ ಮುಂದೆ ಬಂದರು. ಜಗಲಿಯ ಮೇಲೆ ಅವರು ಪ್ರತಿ ಸಲ ನೋಡುತ್ತಿದ್ದದ್ದು ಇದನ್ನೇ.

ಉಳಿದ ಎಂಬತ್ತು ಚಿಲ್ಲರೆ ತೋಟಾ ತೂಗಿ ನೋಡೋಣ ಅನ್ನಿಸಿತು. ಆದರೆ ಕೇಸ್‌ನ ತೂಕ, ಗುಂಡಿನ ತೂಕ ಒಂದರಿಂದ ಒಂದಕ್ಕೆ ಹೆಚ್ಚು ಕಡಿಮೆ ಇರುತ್ತದೆ. ಪಿಸ್ತೂಲಿನ ಮದ್ದು ಅಷ್ಟೇ ಸಣ್ಣದು, ಆ ವ್ಯತ್ಯಾಸದಲ್ಲೇ ಮುಚ್ಚಿ ಹೋಗುತ್ತದೆ. ಗುಂಡು ಕೀಳುವ ಸುತ್ತಿಗೆ ಥರದ ಪುಲ್ಲರ್‌ನಲ್ಲಿ ಒಂದೊಂದನ್ನೂ ಕುಟ್ಟಿ ಬಿಚ್ಚಿದೆ. ಎರಡು ಸಂಜೆ ಹಿಡಿಯಿತು. ಪ್ರೆಸ್‌ನದು ತಪ್ಪಲ್ಲ, ನನ್ನದು. ಒಂದೇ ಕ್ಯಾಲಿಬರ್ ಸಾವಿರಗಟ್ಟಲೆ ಹೊಡೆಯುವವರಿಗೆ ಪ್ರೋಗ್ರೆಸ್ಸಿವ್ ಸರಿಯಾದ ಯಂತ್ರ. ಮದ್ದಿನ ಮಟ್ಟ ನೋಡುವ ಡೈಗೆ ಒಂದು ಸ್ಟೇಷನ್ ಬಿಟ್ಟುಕೊಟ್ಟು, ನಿಧಾನವಾಗಿ ನಡೆಸುವವರು ಎಷ್ಟೋ ಜನ ಇದ್ದಾರೆ. ನನ್ನ ಲೆಕ್ಕಕ್ಕೆ ಅದು ಹೊಂದಲಿಲ್ಲ ಅಷ್ಟೇ. ಮಾರಿಬಿಟ್ಟೆ.

ಅದರ ಜಾಗಕ್ಕೆ ಬಂದದ್ದು ಲೀ ಕಂಪನಿಯ ಕ್ಲಾಸಿಕ್ ಟರೆಟ್. ಮೇಲೆ ದುಂಡನೆ ತಲೆ, ಅದರಲ್ಲಿ ನಾಲ್ಕು ಡೈ. ಕೇಸ್ ಕೆಳಗೆ ಒಂದೇ ಕಡೆ ಕೂತಿರುತ್ತದೆ, ಹಿಡಿಕೆ ಎತ್ತಿ ಇಳಿಸಿದ ಹಾಗೆ ತಲೆ ತಾನೇ ತಿರುಗಿ ಮುಂದಿನ ಡೈ ತರುತ್ತದೆ. ನೂರು ತೋಟಾಕ್ಕೆ ಇದರಲ್ಲೂ ನಾನೂರು ಸಲ ಇಳಿಸಬೇಕು. ತಪ್ಪುವುದು ಕೇಸನ್ನು ಮತ್ತೆ ಮತ್ತೆ ಎತ್ತಿ ಇಡುವ ಕೆಲಸ. ಅದು ಸಣ್ಣ ಉಳಿತಾಯ ಅಲ್ಲ. ಗಂಟೆಗೆ ನೂರೈವತ್ತು ಆರಾಮಾಗಿ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಸಲಕ್ಕೆ ಒಂದೇ ಕೇಸ್ ನಡೆಯುತ್ತದೆ. ಮದ್ದು ಬಿದ್ದ ಮೇಲೆ, ಗುಂಡು ಇಡುವ ಮೊದಲು, ಕೇಸ್ ಬಾಯಿ ನನ್ನ ಕಣ್ಣ ಮುಂದೆಯೇ ಇರುತ್ತದೆ. ಚೌಕಟ್ಟಿಗೆ ಸಣ್ಣ ಎಲ್‌ಇಡಿ ಲ್ಯಾಂಪ್ ಕಟ್ಟಿದೆ, ಬೆಳಕು ನೇರ ಕೇಸ್ ಒಳಗೆ ಬೀಳುವ ಹಾಗೆ. ನೋಡದೆ ಗುಂಡು ಇಡುವುದಿಲ್ಲ ಅಂತ ನಿಯಮ ಮಾಡಿಕೊಂಡೆ. ಮದ್ದು ಆರಿಸುವಾಗಲೂ ರೀಲೋಡಿಂಗ್ ಪುಸ್ತಕದಲ್ಲಿ ಕೊಟ್ಟಿರುವುದರಲ್ಲೇ ಜಾಗ ತುಂಬುವಂಥದ್ದು ನೋಡಿದೆ. ತಪ್ಪಿ ಎರಡು ಸಲ ಬಿದ್ದರೆ ಉಕ್ಕಿ ಹೊರಗೆ ಚೆಲ್ಲಬೇಕು, ಕಣ್ಣಿಗೆ ಬೀಳಬೇಕು.

ಕ್ಯಾಲಿಬರ್ ಬದಲಾಯಿಸುವುದು ಎರಡು ನಿಮಿಷ. ತಲೆ ತಿರುಗಿಸಿ ಎತ್ತು, ಇನ್ನೊಂದು ಇಡು, ಹೋಲ್ಡರ್ ಬದಲಾಯಿಸು, ಪ್ರೈಮರ್ ಬೇರೆ ಅಳತೆಯದಾದರೆ ಅದರ ತೋಳು ಬದಲಾಯಿಸು. ಡೈ ಹೊಂದಿಸಿದ್ದು ಹೊಂದಿಸಿದ ಹಾಗೇ ಇರುತ್ತದೆ. ಒಂದೊಂದು ಕ್ಯಾಲಿಬರ್‌ಗೆ ಒಂದೊಂದು ತಲೆ ಇಟ್ಟುಕೊಂಡೆ. ಓರೆಗನ್‌ನಲ್ಲಿ ನಾನಿದ್ದ ಕಡೆ ಚಳಿಗಾಲ ಪೂರ್ತಿ ಜಿನುಗು ಮಳೆ, ಡೈಗೆ ಸುಮ್ನೆ ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿ ಡಬ್ಬದಲ್ಲಿಡುವ ಅಭ್ಯಾಸ ಮಲೆನಾಡಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ.

ಟರೆಟ್‌ನಲ್ಲಿ ಒಂದು ಸಣ್ಣ ಕೊರತೆ ಇದೆ. ಗಟ್ಟಿ ಕೇಸ್ ಒತ್ತುವಾಗ ತಲೆ ಕೂದಲೆಳೆಯಷ್ಟು ಮೇಲೇಳುತ್ತದೆ. ಪಿಸ್ತೂಲ್ ತೋಟಾಕ್ಕೆ ಅದು ಲೆಕ್ಕಕ್ಕಿಲ್ಲ. 308ರಲ್ಲಿ ಭುಜವನ್ನು ಇಂಚಿನ ಸಾವಿರದ ಎರಡು ಭಾಗದಷ್ಟೇ ಹಿಂದಕ್ಕೆ ತಳ್ಳಬೇಕು ಅಂದಾಗ ನನಗೆ ರಾಕ್ ಚಕ್ಕರ್ ಮೇಲೇ ನಂಬಿಕೆ. ಹಾಗಾಗಿ ಎರಡೂ ಉಳಿದವು. ಕಬ್ಬಿಣದ ಸಿಂಗಲ್ ಸ್ಟೇಜ್ ಮೇಲೆ 308, 223. ಟರೆಟ್ ಮೇಲೆ 9 ಮತ್ತು 45.

ಅಕ್ಕನ ಮಗನಿಗೆ ನಾನು ಮೊದಲು ಕೇಳಿದ್ದು ಪ್ರೆಸ್ ಬಗ್ಗೆ ಅಲ್ಲ. ಯಾವುದನ್ನು ತಿಂಗಳಿಗೆ ಎಷ್ಟು ಹೊಡೀತೀಯ ಅಂತ. "9 ಇನ್ನೂರು, 223 ನೂರು, ಉಳಿದದ್ದು ಅಪರೂಪಕ್ಕೆ" ಅಂದ. "ಹಾಗಾದ್ರೆ ಟರೆಟ್ ತಗೋ. ಮೊದಲ ಆರು ತಿಂಗಳು ತಲೆ ತಿರುಗಿಸುವ ಕಡ್ಡಿ ತೆಗೆದಿಟ್ಟು ಸಿಂಗಲ್ ಸ್ಟೇಜ್ ಹಾಗೆ ಬಳಸು. ಕೈಗೆ ಒಗ್ಗಿದ ಮೇಲೆ ಕಡ್ಡಿ ಹಾಕು" ಅಂದೆ. "ಪ್ರೋಗ್ರೆಸ್ಸಿವ್ ತಗೊಂಡ್ರೆ ಮುಂದೆ ಮತ್ತೆ ಖರ್ಚು ಮಾಡೋದು ಉಳಿಯುತ್ತೆ ಅಂತಾರಲ್ಲ ಮಾವ" ಅಂದ. ಮುಂದಿನ ಖರ್ಚಿನ ಚಿಂತೆ ಈಗ ಬೇಡ. ಆ ದುಡ್ಡಲ್ಲಿ ಒಳ್ಳೇ ತಕ್ಕಡಿ, ಅದನ್ನು ಪರೀಕ್ಷಿಸುವ ತೂಕದ ಕಲ್ಲು, ಉದ್ದ ಅಳೆಯುವ ಕ್ಯಾಲಿಪರ್, ಎರಡು ರೀಲೋಡಿಂಗ್ ಪುಸ್ತಕ ತಗೋ ಅಂದೆ. 223 ಕೇಸ್ ಒತ್ತಿದಷ್ಟೂ ಉದ್ದವಾಗುತ್ತದೆ, 1.760 ಇಂಚು ದಾಟಿದರೆ ಕತ್ತರಿಸಲೇಬೇಕು. ಕ್ಯಾಲಿಪರ್ ಇಲ್ಲದೆ ಅದು ಗೊತ್ತಾಗುವುದಿಲ್ಲ.

ಬೆಂಚಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಬೆಂಚು ಅಲುಗಿದರೆ ಕೈಗೆ ಬರುವ ಸುದ್ದಿ ಎಲ್ಲ ಕೆಟ್ಟು ಹೋಗುತ್ತದೆ. ಎರಡು ಪದರ ಪ್ಲೈವುಡ್, ಗೋಡೆಯ ಕಂಬಕ್ಕೆ ಬೋಲ್ಟ್. ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬ. ಕಣ್ಣಿಗೆ ಕನ್ನಡಕ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆ, ಪ್ರೈಮರ್ ಮಸಿಯಲ್ಲಿ ಸೀಸ ಇರುತ್ತದೆ, ಮನೆಯಲ್ಲಿ ಚಿಕ್ಕ ಮಗು ಇದೆ. ಫೋನ್ ಬಂದರೆ ಎತ್ತಬೇಡ, ನನ್ನದಾದರೂ.

ಮೊನ್ನೆ ಫೋಟೊ ಕಳಿಸಿದ್ದಾನೆ. ಬೆಂಚು ಗಟ್ಟಿಯಾಗಿದೆ. ಟರೆಟ್ ಬಿಗಿದಿದ್ದಾನೆ, ಎರಡು ತಲೆಗೆ ಡೈ ಹೊಂದಿಸಿದ್ದಾನೆ. ಅಕ್ಕನೂ ನೋಡಿದಳು, "ಅಜ್ಜ ಈಡು ತುಂಬ್ತಿದ್ದ ಹಾಗೇ ಕೂತಿದಾನೆ" ಅಂದಳು. ನಾನು ಫೋಟೊ ದೊಡ್ಡದು ಮಾಡಿ ನೋಡಿ ಫೋನ್ ಮಾಡಿದೆ. "ಲ್ಯಾಂಪ್ ಎಲ್ಲಿ?" ಅಂತ ಕೇಳಿದೆ.

"ನಾಳೆ ಹಾಕ್ತೀನಿ ಮಾವ" ಅಂದ.

"ಹಾಗಾದ್ರೆ ಮದ್ದಿನ ಡಬ್ಬ ನಾಡಿದ್ದು ತೆಗಿ" ಅಂದೆ.