ಬೆಂಗಳೂರಿನಲ್ಲಿ ಸಿವಿಲ್ ದಾವೆ ಹೂಡುವವರು ತಿಳಿದಿರಬೇಕಾದ ಕಾರ್ಯವಿಧಾನ

ಕೊಟ್ಟ ಸಾಲ ವಾಪಸಾಗದಿದ್ದಾಗ, ನಿವೇಶನದ ಅಂಚು ಒತ್ತುವರಿಯಾದಾಗ ಅಥವಾ ಅಣ್ಣತಮ್ಮಂದಿರ ನಡುವೆ ಪಾಲಿನ ತಕರಾರು ಎದ್ದಾಗ ನಾವು ಸಿವಿಲ್ ನ್ಯಾಯಾಲಯದ ಮೆಟ್ಟಿಲೇರುತ್ತೇವೆ. ಅಲ್ಲಿನ ನಡಾವಳಿಯನ್ನು ನಿಯಂತ್ರಿಸುವುದು 1909ರ ಜನವರಿ 1ರಿಂದ ಜಾರಿಯಲ್ಲಿರುವ ಸಿವಿಲ್ ಪ್ರಕ್ರಿಯಾ ಸಂಹಿತೆ, 1908. ಅಮೆರಿಕದಲ್ಲಿರುವಂತೆ ಫೆಡರಲ್ ನ್ಯಾಯಾಲಯ ಬೇರೆ, ರಾಜ್ಯದ ನ್ಯಾಯಾಲಯ ಬೇರೆ ಎಂಬ ಏರ್ಪಾಡು ನಮ್ಮಲ್ಲಿಲ್ಲ. ಸಂಸತ್ತಿನ ಕಾನೂನನ್ನೂ ವಿಧಾನಮಂಡಲದ ಕಾನೂನನ್ನೂ ಅದೇ ನ್ಯಾಯಾಧೀಶರು ಅನ್ವಯಿಸುತ್ತಾರೆ. ಕಕ್ಷಿದಾರರು ಸಂಹಿತೆಯನ್ನು ಪೂರ್ತಿ ಓದಬೇಕಿಲ್ಲ. ಆದರೆ ದಾವೆಯ ಸೋಲು ಗೆಲುವು ಬಹುಪಾಲು ಸಾಕ್ಷಿ ಕಟಕಟೆ ಹತ್ತುವ ಮೊದಲೇ, ಕಾಗದದ ಮೇಲೆ ತೀರ್ಮಾನವಾಗಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ನೋಡಬೇಕಾದದ್ದು ಕಾಲಮಿತಿ. 1963ರ ಕಾಲಮಿತಿ ಅಧಿನಿಯಮದ ಪ್ರಕಾರ ಕೈಸಾಲದ ವಸೂಲಿಗೆ ಸಾಲ ಕೊಟ್ಟ ದಿನದಿಂದ 3 ವರ್ಷ, ಮಾಲೀಕತ್ವದ ಆಧಾರದ ಮೇಲೆ ಸ್ಥಿರಾಸ್ತಿಯ ಸ್ವಾಧೀನ ಕೇಳಲು ಎದುರಾಳಿಯ ಸ್ವಾಧೀನ ಪ್ರತಿಕೂಲವಾದಂದಿನಿಂದ (ಅಂದರೆ ಅವನು ನಿಮ್ಮ ಹಕ್ಕನ್ನು ಅಲ್ಲಗಳೆದು ಆಸ್ತಿಯನ್ನು ತನ್ನದೆಂದು ಹಿಡಿದುಕೊಂಡಂದಿನಿಂದ) 12 ವರ್ಷ. 2022ರ ಜೂನ್ 10ರಂದು ಹಣ ಕೊಟ್ಟಿದ್ದರೆ 2025ರ ಜೂನ್ 10 ಕೊನೆಯ ದಿನ. ಆ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ಮತ್ತೆ ತೆರೆದ ದಿನವೇ ದಾಖಲಿಸಬಹುದು. ವಕೀಲರ ಮೂಲಕ ನೋಟಿಸು ಕೊಟ್ಟ ಮಾತ್ರಕ್ಕೆ ಅವಧಿ ಮುಂದಕ್ಕೆ ಹೋಗುವುದಿಲ್ಲ. ಸಾಲಗಾರ ಅವಧಿ ಮುಗಿಯುವ ಮೊದಲೇ ಬಾಕಿಯನ್ನು ಒಪ್ಪಿ ಸಹಿ ಮಾಡಿದ ಬರಹವಿದ್ದರೆ ಅಂದಿನಿಂದ ಹೊಸ ಲೆಕ್ಕ ಶುರುವಾಗುತ್ತದೆ. ತಡವಾದ ಮೇಲ್ಮನವಿಯನ್ನು ಸಕಾರಣವಿದ್ದರೆ ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ತಡವಾದ ದಾವೆಯನ್ನು ಹಾಗೆ ಮನ್ನಿಸಲಾಗದು. ಪ್ರತಿವಾದಿ ಆಕ್ಷೇಪಿಸದಿದ್ದರೂ ಅದನ್ನು ವಜಾ ಮಾಡಲೇಬೇಕೆಂದು ಕಾನೂನು ಹೇಳುತ್ತದೆ.

ಎಲ್ಲಿ ಹೂಡಬೇಕು ಎಂಬುದು ಎರಡನೆಯ ಪ್ರಶ್ನೆ. ಸ್ಥಿರಾಸ್ತಿಯ ದಾವೆ ಸಾಮಾನ್ಯವಾಗಿ ಆಸ್ತಿ ಇರುವಲ್ಲೇ ನಡೆಯಬೇಕು. ವಾದಿ, ಪ್ರತಿವಾದಿ ಇಬ್ಬರೂ ಜಯನಗರದಲ್ಲಿ ವಾಸವಿದ್ದರೂ ಮೈಸೂರಿನ ಜಮೀನಿನ ದಾವೆ ಮೈಸೂರಿನಲ್ಲೇ ಹೂಡತಕ್ಕದ್ದು. ಹಣದ ದಾವೆಯನ್ನು ಪ್ರತಿವಾದಿ ವಾಸವಿರುವಲ್ಲಿ ಅಥವಾ ವ್ಯಾಜ್ಯ ಕಾರಣ (ದಾವೆಗೆ ಹಕ್ಕು ಕೊಡುವ ಘಟನೆ) ಪೂರ್ಣವಾಗಿಯೋ ಭಾಗಶಃವೋ ಉದ್ಭವಿಸಿದಲ್ಲಿ ಹೂಡಬಹುದು. ಬೆಂಗಳೂರು ನಗರದ ಮಟ್ಟಿಗೆ 1979ರ ಅಧಿನಿಯಮದಡಿ ರಚನೆಯಾದ ಸಿಟಿ ಸಿವಿಲ್ ನ್ಯಾಯಾಲಯವಿದೆ. ಅದರ ಮುಖ್ಯ ಸಂಕೀರ್ಣ ಕೆಂಪೇಗೌಡ ರಸ್ತೆಯಲ್ಲಿದ್ದು, ಕೆಲವು ನ್ಯಾಯಾಲಯಗಳು ಮೇಯೋ ಹಾಲ್ ಆವರಣದಲ್ಲಿ ಕೂರುತ್ತವೆ. ದಾವೆ ಸರ್ಕಾರದ ವಿರುದ್ಧವಾದರೆ ಸಂಹಿತೆಯ 80ನೇ ಕಲಮಿನಂತೆ 2 ತಿಂಗಳ ಮುಂಚಿತ ನೋಟಿಸು ಬೇಕು. ತುರ್ತು ಪರಿಹಾರ ಬೇಕಿದ್ದಲ್ಲಿ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ಹೂಡಬಹುದು.

ಇನ್ನು ವಾದಪತ್ರ, ಅಂದರೆ ವಾದಿ ತನ್ನ ಅಹವಾಲನ್ನು ಬರೆದು ಸಲ್ಲಿಸುವ ಪತ್ರ. ಹೆಚ್ಚಿನ ಶ್ರಮ ಇಲ್ಲಿಯೇ ಬೀಳಬೇಕು, ಏಕೆಂದರೆ ವಾದಪತ್ರದಲ್ಲಿ ಹೇಳದ ಸಂಗತಿಗೆ ಆಮೇಲೆ ಎಷ್ಟು ಸಾಕ್ಷ್ಯ ಒದಗಿಸಿದರೂ ಪ್ರಯೋಜನವಾಗುವುದಿಲ್ಲ. ಏನು ನಡೆಯಿತು, ಯಾವ ದಿನ ನಡೆಯಿತು, ಏನು ಪರಿಹಾರ ಬೇಕು ಎಂಬುದು ದಿನಾಂಕದ ಕ್ರಮದಲ್ಲಿ ಸ್ಪಷ್ಟವಾಗಿರಲಿ. ಆಸ್ತಿಯ ದಾವೆಯಲ್ಲಿ ಷೆಡ್ಯೂಲ್ (ಆಸ್ತಿಯ ವಿವರಪಟ್ಟಿ) ಬರೆಯುವಾಗ ಕ್ರಯಪತ್ರದ ಚಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಎಲ್ಲೆಯನ್ನು) ನಕಲು ಮಾಡಿ ಸುಮ್ಮನಾಗಬೇಡಿ. 30×40 ಅಡಿ ನಿವೇಶನದ ಉತ್ತರದ ಅಂಚಿನಲ್ಲಿ 2 ಅಡಿ ಒತ್ತುವರಿಯಾಗಿದ್ದರೆ, ಇಡೀ ನಿವೇಶನವನ್ನು 'ಎ' ಷೆಡ್ಯೂಲಿನಲ್ಲೂ ಆ 2 ಅಡಿಯ ಪಟ್ಟಿಯನ್ನು ಅದರದೇ ಉದ್ದಗಲ, ಚಕ್ಕುಬಂದಿಯೊಡನೆ 'ಬಿ' ಷೆಡ್ಯೂಲಿನಲ್ಲೂ ವಿವರಿಸಿ, ಜೊತೆಗೊಂದು ನಕ್ಷೆ ಲಗತ್ತಿಸಿ. ಇಲ್ಲವಾದರೆ ಡಿಕ್ರಿ (ತೀರ್ಪಿನಂತೆ ಹೊರಡುವ ಔಪಚಾರಿಕ ಆದೇಶ) ಕೈಗೆ ಬಂದ ಮೇಲೂ ಅದನ್ನು ಜಾರಿ ಮಾಡುವ ನ್ಯಾಯಾಲಯದ ನೌಕರರಾದ ಅಮೀನರು ಸ್ಥಳಕ್ಕೆ ಹೋದಾಗ ಯಾವ ಗೋಡೆ ತೆಗೆಸಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಒಂದೇ ವ್ಯಾಜ್ಯ ಕಾರಣದಿಂದ ಬರುವ ಹಕ್ಕನ್ನೆಲ್ಲ ಒಂದೇ ದಾವೆಯಲ್ಲಿ ಕೇಳಬೇಕೆಂಬ, ಸಂಹಿತೆಯ ಆದೇಶ 2, ನಿಯಮ 2ನ್ನೂ ಮರೆಯಬಾರದು: 3 ವರ್ಷದ ಬಾಡಿಗೆ ಬಾಕಿಯಿದ್ದಾಗ ಒಂದು ವರ್ಷದ್ದನ್ನಷ್ಟೇ ಕೇಳಿದವರು ಉಳಿದದ್ದಕ್ಕೆ ಮತ್ತೆ ಬರುವಂತಿಲ್ಲ. ಆಧಾರವಾಗಿರುವ ದಾಖಲೆಗಳನ್ನು ವಾದಪತ್ರದೊಂದಿಗೇ ಹಾಜರುಪಡಿಸಿ, ಸತ್ಯಾಪನೆ (ಬರೆದದ್ದು ನಿಜವೆಂಬ ಸಹಿ ಸಹಿತ ಹೇಳಿಕೆ) ಮತ್ತು ಪ್ರಮಾಣಪತ್ರ (ಅಫಿಡವಿಟ್) ಸೇರಿಸಿ, 1958ರ ಕರ್ನಾಟಕ ಕಾಯ್ದೆಯಂತೆ ನ್ಯಾಯಾಲಯ ಶುಲ್ಕ ಕಟ್ಟಿ. ನೋಂದಣಿಯಾದ ಮೇಲೆ ಸಿಗುವ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆಯನ್ನು (ಪ್ರಕರಣದ ಗುರುತು ಸಂಖ್ಯೆಯನ್ನು) ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ವಾಯಿದೆಯನ್ನು ನೀವೇ ನೋಡಿಕೊಳ್ಳಬಹುದು.

ತುರ್ತಾಗಿ ತಾತ್ಕಾಲಿಕ ಪ್ರತಿಬಂಧಕಾಜ್ಞೆ (ಎದುರಾಳಿಯನ್ನು ತಡೆಯುವ ಆಜ್ಞೆ) ಬೇಕಿದ್ದರೆ ಸಂಹಿತೆಯ ಆದೇಶ 39ರ ಅಡಿ ಮಧ್ಯಂತರ ಅರ್ಜಿ ಸಲ್ಲಿಸಬೇಕು. ಮೇಲ್ನೋಟಕ್ಕೆ ಪ್ರಕರಣವಿದೆಯೇ, ಅನುಕೂಲತೆಯ ತುಲನೆ ಯಾರ ಕಡೆಗಿದೆ (ಆಜ್ಞೆ ಕೊಟ್ಟರೆ ಅಥವಾ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ), ಆಜ್ಞೆ ಸಿಗದಿದ್ದರೆ ತುಂಬಿಕೊಡಲಾಗದ ಹಾನಿಯಾಗುತ್ತದೆಯೇ ಎಂಬ ಮೂರನ್ನೂ ನ್ಯಾಯಾಧೀಶರು ಪರಿಶೀಲಿಸುತ್ತಾರೆ. ಎದುರಾಳಿಯನ್ನು ಕೇಳದೆ ಆಜ್ಞೆ ಸಿಕ್ಕಿತೆಂದರೆ ಅರ್ಜಿ, ವಾದಪತ್ರ, ದಾಖಲೆಗಳ ಪ್ರತಿಯನ್ನು ಕೂಡಲೇ ಅವರಿಗೆ ತಲುಪಿಸಿ ಅಥವಾ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ಅದೇ ದಿನ ಇಲ್ಲವೇ ಮರುದಿನ ಪ್ರಮಾಣಪತ್ರ ಹಾಕಬೇಕು.

ಸಮನ್ಸ್ ಪಡೆದ ಪ್ರತಿವಾದಿಗೆ ಲಿಖಿತ ಹೇಳಿಕೆ ಸಲ್ಲಿಸಲು 30 ದಿನವಿದ್ದು, ಕಾರಣ ದಾಖಲಿಸಿ ಅದನ್ನು 90 ದಿನದವರೆಗೆ ವಿಸ್ತರಿಸಬಹುದು. ಪ್ರತಿ ಆರೋಪವನ್ನೂ ಬಿಡಿಬಿಡಿಯಾಗಿ ಅಲ್ಲಗಳೆಯಬೇಕು, ಅಲ್ಲಗಳೆಯದ್ದನ್ನು ಒಪ್ಪಿಕೊಂಡಂತೆ ಭಾವಿಸಲಾಗುತ್ತದೆ. ಗೈರುಹಾಜರಾದರೆ ಏಕಪಕ್ಷೀಯ ಡಿಕ್ರಿಯಾಗಬಹುದು. ಅದನ್ನು ರದ್ದುಪಡಿಸಲು ಡಿಕ್ರಿಯ ದಿನದಿಂದ, ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ, 30 ದಿನದೊಳಗೆ ಅರ್ಜಿ ಹಾಕಬೇಕು.

ನಂತರ ವಿವಾದಾಂಶಗಳ (ತೀರ್ಮಾನವಾಗಬೇಕಾದ ಪ್ರಶ್ನೆಗಳ) ರಚನೆ, ಪ್ರಮಾಣಪತ್ರದ ಮೂಲಕ ಮುಖ್ಯ ವಿಚಾರಣೆ (ಸಾಕ್ಷಿಯ ಮೊದಲ ಹೇಳಿಕೆ), ಎದುರು ಕಡೆಯವರ ಪಾಟೀ ಸವಾಲು, ವಾದ, ತೀರ್ಪು. ನಡುವೆ 89ನೇ ಕಲಮಿನಡಿ ಮಧ್ಯಸ್ಥಿಕೆಗೆ ಕಳುಹಿಸಿದರೆ ಅದನ್ನು ಹಗುರವಾಗಿ ಕಾಣಬೇಡಿ. ಪಾಲಿನ ದಾವೆಗಳಲ್ಲಿ ಸಂಬಂಧ ಉಳಿಸಿಕೊಂಡು ಹೊರಬರುವ ದಾರಿ ಅದು.

ತೀರ್ಪು ಬಂದೊಡನೆ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಸಿಟಿ ಸಿವಿಲ್ ನ್ಯಾಯಾಲಯದ ಡಿಕ್ರಿಯ ವಿರುದ್ಧ ಹೈಕೋರ್ಟಿಗೆ ಹೋಗಲು 90 ದಿನವಿದ್ದು, ನಕಲು ಪಡೆಯಲು ಹಿಡಿದ ಸಮಯವನ್ನು ಅದರಿಂದ ಕಳೆಯಲಾಗುತ್ತದೆ. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಗೆ ತಡೆ ಬೀಳುವುದಿಲ್ಲ, ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಬೇಕು. ಗೆದ್ದವರು ಹಣದ ಡಿಕ್ರಿಯನ್ನು 12 ವರ್ಷದೊಳಗೆ ಅಮಲ್ಜಾರಿಗೆ (ಜಾರಿ ಮಾಡಿಸಲು) ಹಾಕಬಹುದು. ಸಾಲಗಾರನ ಆಸ್ತಿ ಎಲ್ಲಿದೆಯೆಂದು ನಿಮಗೆ ಗೊತ್ತಿಲ್ಲದಿದ್ದರೆ, ಅವನೇ ತನ್ನ ಆಸ್ತಿಪಾಸ್ತಿಯ ವಿವರವನ್ನು ಪ್ರಮಾಣಪತ್ರದ ಮೂಲಕ ಕೊಡುವಂತೆ ಆದೇಶ 21, ನಿಯಮ 41ರ ಅಡಿ ಕೇಳಿಕೊಳ್ಳಿ.